ಸೋರುತ್ತಿದ್ದ ಹೆಡ್‌ಮಾಸ್ಟರು

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಅರ್ಜಿಯನ್ನು ನಿಮ್ಮಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಮೊದಲ ಸಾಲಿಗೇ ಎಡವಿದೆ: 'ಹ್ಯಾವಿಂಗ್ ಕಂಪ್ಲೀಟೆಡ್ ಬಿ.ಕಾಂ., ದಿಸ್ ಪೋಸ್ಟ್ ಈಸ್ ಸೂಟಬಲ್ ಫಾರ್ ಮಿ.' ಬಿ.ಕಾಂ. ಮುಗಿಸಿದ್ದು ನೀನೋ, ಆ ಹುದ್ದೆಯೋ? ಫೋನು ಮಾಡಿ ಕೇಳಿದರೆ, 'ಅದನ್ನೆಲ್ಲ ಮೊಬೈಲೇ ತಿದ್ದುತ್ತೆ, ಬಿಡಿ ದೊಡ್ಡಪ್ಪ' ಅಂದೆ. ಆ 'ಬಿಡಿ' ರಾತ್ರಿಯಿಡೀ ಚುಚ್ಚಿತು. ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಮುನಿಸಿಕೊಳ್ಳಬೇಡ, ಹೆಸರು ಹಾಕಿಲ್ಲ.

ನಾನೂ ಮುಗ್ಗರಿಸಿದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಾಲೆಯೊಂದರ ಹೆಂಚಿನ ಮಾಡಿನ ದುರಸ್ತಿಗೆಂದು ಕರಡು ಬರೆದಿದ್ದೆ: 'ಲೀಕಿಂಗ್ ಫಾರ್ ಟೂ ಇಯರ್ಸ್, ದ ಹೆಡ್‌ಮಾಸ್ಟರ್ ರಿಕ್ವೆಸ್ಟ್ಸ್ ಅರ್ಜೆಂಟ್ ರಿಪೇರ್ ಆಫ್ ದ ರೂಫ್.' ಸಾಹೇಬರು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ 'ಸೋರುತ್ತಿರುವವರು ಯಾರು?' ಎಂದು ಗೀಚಿ ವಾಪಸು ಕಳಿಸಿದರು. ಇಡೀ ಸೆಕ್ಷನ್ನು ನಕ್ಕಿತು. ಮಧ್ಯಾಹ್ನ ಡಬ್ಬಿ ಬಿಚ್ಚಲೂ ಮನಸ್ಸಾಗಲಿಲ್ಲ. ಸಂಜೆ ಹೆಡ್ ಗುಮಾಸ್ತರು ಪಕ್ಕದಲ್ಲಿ ಕೂರಿಸಿಕೊಂಡು ಹಳೇ ಕಡತದ ರಟ್ಟಿನ ಹಿಂದೆ ಬರೆದರು: 'ಕೈ ತೊಳೆದು ಎಲೆ ಬಂತು.'

'ಸರಿಯೇನಯ್ಯಾ ಇದು?'

ಕೈ ತೊಳೆದವನು ಉಣ್ಣುವವನು, ಎಲೆಯಲ್ಲ. 'ನಿನ್ನ ಲೀಕಿಂಗೂ ಅಷ್ಟೇ' ಅಂದರು. 'ಕಾಮಾ ದಾಟಿದ ಕೂಡಲೇ ಎದುರಿಗೆ ಯಾರು ಸಿಕ್ಕರೋ ಅವರ ಹೆಗಲೇರುತ್ತೆ.'

ಅದಕ್ಕೂ ಮುಂಚೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಉರು ಹೊಡೆದಿದ್ದೆ. ಆ ರೆನ್ 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿ ಬರೆದವನು. ವ್ಯಾಕರಣಕ್ಕೆ ಮಾತ್ರ ಆ ರುಚಿ ಹತ್ತಲಿಲ್ಲ. ಅಡ್ಜೆಕ್ಟಿವ್ ಫ್ರೇಸು, ಅಡ್ವರ್ಬ್ ಫ್ರೇಸು ಎಲ್ಲ ಬಾಯಿಪಾಠ. ಆದರೆ ನಮ್ಮಲ್ಲಿ 'ಕೆಂಪಂಗಿ ತೊಟ್ಟ ಹುಡುಗ' ಎಂದು ವಿಶೇಷಣವೆಲ್ಲ ಮೊದಲು ಬಂದು ಹುಡುಗ ಆಮೇಲೆ ಬರುತ್ತಾನೆ, ಇಂಗ್ಲಿಷಿನವರು 'ದ ಬಾಯ್ ಇನ್ ದ ರೆಡ್ ಶರ್ಟ್' ಎಂದು ಹುಡುಗನನ್ನು ನಿಲ್ಲಿಸಿ ಆಮೇಲೆ ಅಂಗಿ ತೊಡಿಸುತ್ತಾರೆ ಎಂಬುದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಮೊಬೈಲು ಬೇಡ ಅನ್ನುವುದಿಲ್ಲ. ಸ್ಪೆಲ್ಲಿಂಗಿಗೆ ನಾನೂ ಅದನ್ನೇ ನೋಡುತ್ತೇನೆ. ಆದರೆ ನಿನ್ನ ಎರಡನೇ ಪ್ಯಾರಾ: 'ಐ ಓನ್ಲಿ ಚೆಕ್ಡ್ ದ ಬಿಲ್ಸ್.' ಬಿಲ್ಲುಗಳನ್ನಷ್ಟೇ ನೋಡಿದೆ, ಲೆಜರು ಮುಟ್ಟಲಿಲ್ಲ ಅಂತಲೋ? ಬರೀ ನೋಡಿದೆ, ಪಾಸು ಮಾಡಲಿಲ್ಲ ಅಂತಲೋ? ಕನ್ನಡದಲ್ಲಾದರೆ 'ಅಷ್ಟೇ' ಎಂಬುದನ್ನು ಬೇಕಾದ ಪದಕ್ಕೆ ಅಂಟಿಸಿಬಿಡುತ್ತಿದ್ದೆ. ಆ ಸಾಲಿನಲ್ಲಿ ಮೊಬೈಲಿಗೆ ತಪ್ಪೇ ಕಾಣದು. ನಿನ್ನ ಮನಸ್ಸಿನಲ್ಲಿ ಇದ್ದದ್ದು ಅದಕ್ಕೇನು ಗೊತ್ತು? ನಿನ್ನ ಸಹಿ ಹಾಕಿ ಕಳಿಸುವ ಕಾಗದವನ್ನು ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಲೂ ಆಗದಷ್ಟು ಮೈಗಳ್ಳತನವೇನೋ?

ಜಾಸ್ತಿ ಆಡಿಬಿಟ್ಟೆ. ಒಂದಾದ ಮೇಲೊಂದು ಅರ್ಜಿ ಹಾಕಿ ಉತ್ತರ ಕಾಯುವ ಸಂಕಟ ನನಗೂ ಗೊತ್ತು ಮಗೂ. ಶುಕ್ರವಾರದವರೆಗೆ ಟೈಮಿದೆಯಂತಲ್ಲ, ಗುರುವಾರ ಸಂಜೆ ಬಾ. ದೊಡ್ಡಮ್ಮ ಅಕ್ಕಿರೊಟ್ಟಿ ತಟ್ಟುತ್ತಾಳೆ. ಅರ್ಜಿಯ ಪ್ರಿಂಟ್ ತಗೊಂಡು ಬಾ, ಕೆಂಪು ಪೆನ್ಸಿಲು ನನ್ನ ಹತ್ತಿರ ಇದೆ.

ಇಂತು,
ನಿನ್ನ ದೊಡ್ಡಪ್ಪ