ಸಹಿ ಹಾಕುವ ಮುನ್ನ: ಕಿವಿ ಕೇಳದ ಮಗು, ಅರಿವಳಿಕೆ ಮತ್ತು ನಿಮ್ಮ ಹಕ್ಕು

ಮೈಸೂರು ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಲ್ಲಿ ತಲೆ ಮೇಲೆ ವಿಮಾನ ಹಾದುಹೋದರೂ ಮಗು ಬೆಚ್ಚದಿದ್ದರೆ ಹೆತ್ತವರಿಗೆ ಅನುಮಾನ ಶುರುವಾಗುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಅಳವಡಿಸುವ ಶ್ರವಣ ಸಾಧನ) ಬೇಕೆಂದಾದರೆ ಮುಂದಿನದು ಆಪರೇಷನ್. ಆಗ ಕೈಗೆ ಬರುವ ಅರಿವಳಿಕೆಯ ಒಪ್ಪಿಗೆ ಪತ್ರಕ್ಕೆ ಗಾಬರಿಯಲ್ಲಿ ಓದದೆ ಸಹಿ ಹಾಕಬೇಡಿ.

ಏಕೆ ಎಚ್ಚರ?
ಹುಟ್ಟು ಕಿವುಡಿನ ಹಿಂದೆ ಕೆಲವೊಮ್ಮೆ ಅಪರೂಪದ ವಂಶವಾಹಿ ದೋಷವಿರುತ್ತದೆ. 1957ರಲ್ಲಿ ಗುರುತಿಸಲಾದ ಜೆರ್ವೆಲ್ ಲ್ಯಾಂಗೆ-ನೀಲ್ಸನ್ ಸಿಂಡ್ರೋಮ್‌ನಲ್ಲಿ ಕಿವುಡಿನ ಜೊತೆ ಹೃದಯದ ಲಯವೂ ತಪ್ಪಬಹುದು. ಅರಿವಳಿಕೆಯ ವೇಳೆ ಬಳಸುವ ಕೆಲವು ಔಷಧಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಇದರ ಸುಳಿವು ಸಾಮಾನ್ಯ ಇಸಿಜಿಯಲ್ಲೇ ಸಿಗುತ್ತದೆ. ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್‌ನಲ್ಲಿ ದವಡೆ ಚಿಕ್ಕದಾದ್ದರಿಂದ ಉಸಿರಿನ ನಳಿಕೆ ಹಾಕುವುದೇ ಕಷ್ಟ. ಸಂಬಂಧದಲ್ಲೇ ಮದುವೆ, ಮಗು ಮೂರ್ಛೆ ಹೋದದ್ದು, ಮನೆತನದಲ್ಲಿ ಹಠಾತ್ ಸಾವು ಇದ್ದರೆ ಅರಿವಳಿಕೆ ತಜ್ಞರಿಗೆ ಮುಚ್ಚಿಡದೆ ಹೇಳಿ.

ಕಾನೂನು ಏನು ಹೇಳುತ್ತದೆ?
ಮಗುವಿನ ಪರವಾಗಿ ಒಪ್ಪಿಗೆ ಕೊಡುವವರು ತಂದೆ, ತಾಯಿ ಅಥವಾ ಪೋಷಕರು. ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವ ಉಳಿಸಲೇಬೇಕಾದ ತುರ್ತು ಮಾತ್ರ ಇದಕ್ಕೆ ಹೊರತು. ಹಾಗಾಗಿ ‘ಇಸಿಜಿ ಆಗಿದೆಯೇ? ಮಕ್ಕಳ ಐಸಿಯು ಇದೆಯೇ?’ ಎಂದು ಕೇಳುವುದು ಉದ್ಧಟತನವಲ್ಲ, ಹಕ್ಕು. ಪತ್ರವನ್ನು ಕನ್ನಡದಲ್ಲಿ ವಿವರಿಸಿ ಎಂದೂ ಕೇಳಿ.

ದಾಖಲೆ
ಚಿಕಿತ್ಸೆಯ ದಾಖಲೆಗಳನ್ನು ಆಸ್ಪತ್ರೆಯಿಂದ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ನಿಯಮಾವಳಿಯಂತೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅರಿವಳಿಕೆಯ ಟಿಪ್ಪಣಿಯನ್ನೂ ಮರೆಯದೆ ಪಡೆಯಿರಿ; ಮುಂದಿನ ಆಪರೇಷನ್‌ಗೆ ಅದೇ ದಾರಿದೀಪ.

ಲೋಪವಾದರೆ
ಹಣ ಕಟ್ಟಿ ಪಡೆದ ಚಿಕಿತ್ಸೆಯಾದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆಪರೇಷನ್ ಬೆಂಗಳೂರಲ್ಲಾಗಿದ್ದರೂ, ನೀವು ಮಂಡಕಳ್ಳಿಯವರಾದರೆ ಮೈಸೂರಿನಲ್ಲೇ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಎಲ್ಲರಿಗೂ ಸಂಪೂರ್ಣ ಉಚಿತ ಸೇವೆ ಕೊಡುವ ಆಸ್ಪತ್ರೆಯ ವಿರುದ್ಧ ಈ ದಾರಿ ಇಲ್ಲ. ವೈದ್ಯರ ವಿರುದ್ಧ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಕೆಟ್ಟ ಪರಿಣಾಮವೆಲ್ಲ ನಿರ್ಲಕ್ಷ್ಯವಲ್ಲ. ದಾಖಲೆ ಓದಿಸಿ, ತಜ್ಞರನ್ನು ಕೇಳಿ ಹೆಜ್ಜೆಯಿಡಿ.

ವಕೀಲರಿಗೆ ಹಣವಿಲ್ಲವೇ? ಮಕ್ಕಳಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.