ರೋಟವೇಟರ್ ಶಾಫ್ಟಿನ ಕ್ರಾಸ್ ಸವೆತ: ಪತ್ತೆ, ಬದಲಾವಣೆ ಮತ್ತು ಪಾಲನೆ

ಮುಂಗಾರಿನ ಹದ ಮಳೆ ಬಿದ್ದ ಮೇಲೆ ಕೆಂಪು ಭೂಮಿಯಲ್ಲಿ ಬಿತ್ತನೆಗೆ ತಕ್ಕ ತೇವ ನಿಲ್ಲುವುದು ಕೆಲವೇ ದಿನ. ಆ ದಿನಗಳಲ್ಲಿಯೇ ರೋಟವೇಟರಿನ ಕ್ರಾಸ್ ಮುರಿದು ಟ್ರ್ಯಾಕ್ಟರು ಬದುವಿನ ಮೇಲೆ ನಿಂತರೆ ಆಗುವ ನಷ್ಟ ಬಿಡಿಭಾಗದ ಬೆಲೆಗಿಂತ ಎಷ್ಟೋ ಹೆಚ್ಚು. ಬೇಸಾಯಶಾಸ್ತ್ರದವನಾದ ನಾನು ಯಂತ್ರದ ವಿಷಯ ಬರೆಯುತ್ತಿರುವುದಕ್ಕೆ ಇದೇ ಕಾರಣ. ಒಮ್ಮೆ ನಮ್ಮ ಪ್ರಯೋಗ ತಾಕಿನಲ್ಲಿಯೂ ಹೀಗೆಯೇ ಆಯಿತು. ಕ್ರಾಸ್ ಸಿಗುವ ಹೊತ್ತಿಗೆ ಮೇಲ್ಮಣ್ಣು ಒಣಗಿ, ಮತ್ತೊಂದು ಮಳೆಗೆ ಕಾಯಬೇಕಾಯಿತು. ಕಳಚಿ ನೋಡಿದರೆ ಅದು ಅಂದು ಕೆಟ್ಟದ್ದಲ್ಲ. ಗ್ರೀಸ್ ಕಾಣದೆ ಬಹುಕಾಲದಿಂದ ಸವೆಯುತ್ತಾ ಬಂದದ್ದು.

ಕ್ರಾಸ್ ಕೆಲಸ ಮಾಡುವ ರೀತಿ

ಟ್ರ್ಯಾಕ್ಟರಿನ ಪಿ.ಟಿ.ಒ.ದಿಂದ ರೋಟವೇಟರಿನ ಗೇರ್ ಪೆಟ್ಟಿಗೆಗೆ ಶಕ್ತಿ ಒಯ್ಯುವ ಶಾಫ್ಟಿನ ಎರಡೂ ತುದಿಗಳಲ್ಲಿ ಒಂದೊಂದು ಕ್ರಾಸ್ ಇರುತ್ತದೆ. ಅದರ ನಾಲ್ಕು ತೋಳುಗಳಿಗೆ ನಾಲ್ಕು ಕಪ್ಪುಗಳು. ಪ್ರತಿ ಕಪ್ಪಿನೊಳಗೆ ಸೂಜಿಯಂತಹ ಸಣ್ಣ ಉರುಳೆಗಳು. ಗ್ರೀಸ್ ಹೊರಹೋಗದಂತೆ, ಮಣ್ಣು ಒಳಬಾರದಂತೆ ಪ್ರತಿ ಕಪ್ಪಿನ ಬಾಯಿಗೆ ಒಂದು ಸೀಲ್ ಇದೆ. ಮುಂದಿನ ಚಕ್ರಗಳಿಗೆ ಚಾಲನೆಯಿರುವ ಕಾರುಗಳ ಸಿ.ವಿ. ಜಾಯಿಂಟಿನಲ್ಲಿ ರಬ್ಬರ್ ಬೂಟು ಮಾಡುವ ಕೆಲಸವನ್ನೇ ಇಲ್ಲಿ ಈ ಸೀಲ್ ಮಾಡುತ್ತದೆ. ಬೂಟು ಹರಿದರೆ ಆ ಜಾಯಿಂಟು ಉಳಿಯದು. ಸೀಲ್ ಹೋದರೆ ಈ ಕ್ರಾಸೂ ಉಳಿಯದು.

ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಸಿ.ವಿ. ಜಾಯಿಂಟು ಬಾಗಿದರೂ ತಿರುಗುವ ವೇಗ ಒಂದೇ ಸಮನಾಗಿರುತ್ತದೆ. ಕ್ರಾಸ್ ಬಾಗಿದಾಗ ಹಾಗಲ್ಲ. ಪಿ.ಟಿ.ಒ. ನಿಮಿಷಕ್ಕೆ 540 ಸುತ್ತು ಸಮನಾಗಿ ತಿರುಗುತ್ತಿದ್ದರೂ, ಕ್ರಾಸ್ 30 ಡಿಗ್ರಿ ಬಾಗಿದರೆ ಅದರಾಚೆಯ ಕೊಳವೆಯ ವೇಗ ಒಂದೇ ಸುತ್ತಿನಲ್ಲಿ ಎರಡು ಬಾರಿ 468ಕ್ಕೆ ಇಳಿದು, ಎರಡು ಬಾರಿ 624ಕ್ಕೆ ಏರುತ್ತದೆ. ಬಾಗು 10 ಡಿಗ್ರಿಯಾದರೆ ಈ ಏರಿಳಿತ 532ರಿಂದ 548ರೊಳಗೇ ಇರುತ್ತದೆ. ಮೊದಲ ಕ್ರಾಸಿನ ಏರಿಳಿತವನ್ನು ಎರಡನೆಯದು ಸರಿದೂಗಿಸಬೇಕಾದರೆ ಎರಡು ನಿಯಮ ಪಾಲಿಸಬೇಕು:

1. ಕೊಳವೆಗಳ ತುದಿಯಲ್ಲಿರುವ ಎರಡು ಯೋಕುಗಳ ಕಿವಿಗಳು ಒಂದೇ ನೇರದಲ್ಲಿರಬೇಕು.

2. ಎರಡು ಕ್ರಾಸುಗಳ ಬಾಗು ಸಮನಾಗಿರಬೇಕು. ಇದಕ್ಕಾಗಿ ಟಾಪ್ ಲಿಂಕ್ ಹೊಂದಿಸಿ, ಕೆಲಸದ ಆಳದಲ್ಲಿ ಗೇರ್ ಪೆಟ್ಟಿಗೆಯ ಶಾಫ್ಟು ಪಿ.ಟಿ.ಒ. ಶಾಫ್ಟಿಗೆ ಸಮಾನಾಂತರವಾಗಿರುವಂತೆ ಮಾಡಬೇಕು.

ಸವೆತದ ಗುರುತುಗಳು

ರೋಟವೇಟರನ್ನು ನೆಲಕ್ಕಿಳಿಸಿ, ಇಂಜಿನ್ ನಿಲ್ಲಿಸಿ, ಕೀಲಿ ತೆಗೆದ ಮೇಲೆ ಶಾಫ್ಟನ್ನು ಪರೀಕ್ಷಿಸಬೇಕು.

ಯೋಕನ್ನು ಒಂದು ಕೈಯಲ್ಲಿ, ಕೊಳವೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಗಿಸಿರಿ. ಮೇಲೆ ಕೆಳಗೆ ಅಲುಗಿಸಿರಿ. ಕಪ್ಪಿನಲ್ಲಿ ಸಡಿಲ ಕಂಡರೆ ಸವೆದಿದೆ ಎಂದರ್ಥ. ಕಪ್ಪಿನ ಬಾಯಲ್ಲಿ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ. ಶಾಫ್ಟನ್ನು ಕಳಚಿ ಬಾಗಿಸಿದಾಗ ಎಲ್ಲಿಯಾದರೂ ಬಿಗಿಹಿಡಿದರೆ ಸೂಜಿಗಳು ತೋಳಿನ ಮೇಲೆ ಗೆರೆ ಕೊರೆದಿರಬಹುದು. ಕೆಲಸದ ವೇಳೆ ಕಟಕಟ ಸದ್ದು, ಹೊಸದಾಗಿ ಕಾಣಿಸಿದ ನಡುಕ ಇವೂ ಸೂಚನೆಗಳೇ. ಸವೆದ ಕ್ರಾಸಿಗೆ ಗ್ರೀಸ್ ತುಂಬಿ ದಿನ ತಳ್ಳುವುದರಿಂದ ಪ್ರಯೋಜನವಿಲ್ಲ. ಯೋಕಿನ ರಂಧ್ರವೂ ಅಗಲವಾಗಿ ಖರ್ಚು ಹೆಚ್ಚುತ್ತದೆ.

ಬದಲಾಯಿಸುವ ಕ್ರಮ

ಹಳೆಯ ಕ್ರಾಸನ್ನೇ ಅಂಗಡಿಗೆ ಒಯ್ದು, ಕಪ್ಪಿನ ವ್ಯಾಸ ಮತ್ತು ಎದುರು ಬದುರು ಕಪ್ಪುಗಳ ನಡುವಿನ ಒಟ್ಟು ಉದ್ದ ಎರಡನ್ನೂ ತಾಳೆ ನೋಡಿ ಹೊಸದನ್ನು ಕೊಳ್ಳಬೇಕು.

1. ಬಿಚ್ಚುವ ಮೊದಲು ಎರಡು ಕೊಳವೆಗಳ ಮೇಲೆ ಒಂದೇ ನೇರದಲ್ಲಿ ಬಣ್ಣದ ಗುರುತು ಹಾಕಿರಿ.

2. ಮಣ್ಣು ಒರೆಸಿ, ಸರ್ಕ್ಲಿಪ್ ಇಕ್ಕಳದಿಂದ ನಾಲ್ಕು ಲಾಕುಗಳನ್ನೂ ತೆಗೆಯಿರಿ. ಲಾಕು ಹಾರಿ ಕಣ್ಣಿಗೆ ಬೀಳುವ ಸಂಭವವಿದೆ; ಕನ್ನಡಕ ಧರಿಸುವುದು ಕ್ಷೇಮ.

3. ಕಪ್ಪಿಗಿಂತ ಸ್ವಲ್ಪ ದೊಡ್ಡದಾದ ಕೊಳವೆ ತುಂಡನ್ನು ಯೋಕಿನ ಕೆಳಗಿಟ್ಟು, ಮೇಲಿನ ಕಪ್ಪಿನ ಮೇಲೆ ಅದಕ್ಕಿಂತ ಸಣ್ಣ ಸಲಾಕೆಯಿಟ್ಟು ತಟ್ಟಿದರೆ ಕೆಳಗಿನ ಕಪ್ಪು ಹೊರಬರುತ್ತದೆ. ಮಗುಚಿ ಇನ್ನೊಂದನ್ನೂ ತೆಗೆಯಿರಿ. ಅನಂತರ ಕ್ರಾಸನ್ನು ಓರೆ ಮಾಡಿ ಬಿಡಿಸಬಹುದು.

4. ಯೋಕಿನ ರಂಧ್ರಗಳನ್ನು ಶುಚಿಮಾಡಿ, ಬಿರುಕು ಇದೆಯೇ ನೋಡಿರಿ. ಹೊಸ ಕಪ್ಪು ಬೆರಳಿನಿಂದ ಒತ್ತಿದರೇ ಸಡಿಲವಾಗಿ ಜಾರಿಹೋದರೆ ಯೋಕನ್ನೂ ಬದಲಾಯಿಸಬೇಕು. ತಗಡು ಸುತ್ತಿ ಕೂರಿಸುವುದು ತಪ್ಪು.

5. ಹೊಸ ಕಪ್ಪುಗಳ ಒಳಗೆ ಗ್ರೀಸ್ ಸವರಿ, ಸೂಜಿಗಳೆಲ್ಲ ನೆಟ್ಟಗೆ ನಿಂತಿವೆಯೇ ಎಂದು ನೋಡಿರಿ. ಒಂದು ಸೂಜಿ ಅಡ್ಡ ಬಿದ್ದರೂ ಕಪ್ಪು ಪೂರ್ತಿ ಕೂರುವುದಿಲ್ಲ, ಲಾಕು ಗಾಡಿಗೆ ಇಳಿಯುವುದಿಲ್ಲ. ಗ್ರೀಸ್ ನಿಪ್ಪಲ್ ಗನ್ನಿಗೆ ಎಟಕುವ ಕಡೆ ಇರಲಿ.

6. ಕ್ರಾಸಿನ ತೋಳು ಕಪ್ಪಿನೊಳಗೆ ಇರುವಂತೆಯೇ ಹಿಡಿದು, ವೈಸಿನಲ್ಲಿ ಕಪ್ಪುಗಳನ್ನು ಒತ್ತಿ ಕೂರಿಸಿ ಲಾಕು ಹಾಕಿರಿ. ಬಿಗಿಯಾಗಿದ್ದರೆ ಯೋಕಿನ ಕಿವಿಗಳ ಮೇಲೆ ಮೆಲ್ಲನೆ ತಟ್ಟಿದರೆ ಸಡಿಲವಾಗುತ್ತದೆ.

7. ನಾಲ್ಕು ಸೀಲುಗಳಿಂದಲೂ ಹೊಸ ಗ್ರೀಸ್ ಇಣುಕುವವರೆಗೆ ತುಂಬಿರಿ. ಗುರುತು ಸೇರಿಸಿ ಕೊಳವೆಗಳನ್ನು ಜೋಡಿಸಿರಿ. ಪಿ.ಟಿ.ಒ.ಗೆ ಹಾಕಿದ ಮೇಲೆ ಪಿನ್ನು ಸಿಕ್ಕಿಕೊಂಡಿದೆಯೇ ಎಂದು ಶಾಫ್ಟನ್ನು ಎಳೆದು ನೋಡಿರಿ.

ಟ್ರ್ಯಾಕ್ಟರು ಬದಲಾದಾಗ ಶಾಫ್ಟಿನ ಉದ್ದವನ್ನೂ ಪರೀಕ್ಷಿಸಬೇಕು. ಅತಿ ಕುಗ್ಗಿದ ಸ್ಥಿತಿಯಲ್ಲಿ ಕೊಳವೆಯ ತುದಿಯಲ್ಲಿ ಕನಿಷ್ಠ 2.5 ಸೆಂ.ಮೀ. ಎಡೆ ಉಳಿಯಬೇಕು. ಕೆಲಸದ ಸ್ಥಿತಿಯಲ್ಲಿ ಕೊಳವೆಯ ಉದ್ದದ ಮೂರನೆಯ ಒಂದು ಭಾಗದಷ್ಟಾದರೂ ಒಂದರೊಳಗೊಂದು ಇರಬೇಕು.

ಪಾಲನೆ

ಪ್ರತಿ 8 ಗಂಟೆಗಳ ಕೆಲಸಕ್ಕೆ ಒಮ್ಮೆ ಕ್ರಾಸುಗಳಿಗೆ ಲಿಥಿಯಂ ಗ್ರೀಸ್ ಹಾಕಬೇಕು, ಕೊಳವೆಗಳಿಗೂ ಸವರಬೇಕು. ಗದ್ದೆಯಲ್ಲಿ ಕೆಸರು ಮಾಡಿದ ದಿನ ಸಂಜೆಯೇ ಹಾಕುವುದು ಒಳಿತು. ಹೊಲದ ತುದಿಯಲ್ಲಿ ಪಿ.ಟಿ.ಒ. ತಿರುಗುತ್ತಿರುವಾಗ ರೋಟವೇಟರನ್ನು ಎತ್ತರಕ್ಕೆ ಎತ್ತುವುದು ಕ್ರಾಸ್ ಮುರಿಯಲು ಮುಖ್ಯ ಕಾರಣ. ಪಿ.ಟಿ.ಒ. ಬಿಡಿಸಿಯೇ ಎತ್ತಿರಿ. ಶಿಯರ್ ಬೋಲ್ಟ್ ತುಂಡಾದರೆ ಅದೇ ಅಳತೆ, ಅದೇ ದರ್ಜೆಯದನ್ನೇ ಹಾಕಬೇಕು. ಗಟ್ಟಿ ಬೋಲ್ಟ್ ಹಾಕಿದರೆ ಕಲ್ಲಿನ ಪೆಟ್ಟು ನೇರವಾಗಿ ಕ್ರಾಸಿಗೂ ಗೇರಿಗೂ ಬೀಳುತ್ತದೆ.

ಮುಖ್ಯ ಎಚ್ಚರಿಕೆ

ಕ್ರಾಸ್ ಬದಲಾಯಿಸುವಾಗ ತೆಗೆದ ಪ್ಲಾಸ್ಟಿಕ್ ರಕ್ಷಾ ಕವಚವನ್ನು ಅನೇಕರು ಮರಳಿ ಹಾಕುವುದೇ ಇಲ್ಲ. 540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. 7 ಸೆಂ.ಮೀ. ದಪ್ಪದ ಶಾಫ್ಟು ಸೆಕೆಂಡಿಗೆ ಸುಮಾರು 2 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಪಂಚೆಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ, ಚಾಲಕನು ಕೂಗು ಕೇಳಿ ಲಿವರ್ ಎಳೆಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ತಿರುಗುವ ಶಾಫ್ಟನ್ನು ಯಾರೂ ದಾಟಬಾರದು; ಮಕ್ಕಳನ್ನು ಹತ್ತಿರ ಬಿಡಬಾರದು.

ಮಳೆಗಾಲಕ್ಕೆ ಹದಿನೈದು ದಿನ ಮುಂಚೆ ಬಿತ್ತನೆ ಬೀಜವನ್ನು ಆರಿಸುವಾಗಲೇ ಶಾಫ್ಟನ್ನೂ ಒಮ್ಮೆ ಕೈಯಲ್ಲಿ ಹಿಡಿದು ಅಲುಗಿಸಿ ನೋಡಿರಿ. ಒಂದು ಜೊತೆ ಕ್ರಾಸ್ ಮತ್ತು ನಾಲ್ಕು ಶಿಯರ್ ಬೋಲ್ಟ್ ಮನೆಯಲ್ಲಿದ್ದರೆ, ಹದ ಬಂದ ದಿನ ಪೇಟೆಗೆ ಓಡುವ ಪ್ರಮೇಯ ಬರುವುದಿಲ್ಲ.