ಜೂನ್ 5 ಮೇ 6 ಆಗದಂತೆ: ಪೈಥಾನ್‌ನಲ್ಲಿ ತಾರೀಕಿನ ಲೆಕ್ಕ

ಸಹಕಾರ ಸಂಘವೊಂದರ ಸಾಲದ ಪಟ್ಟಿಗೆ ಬಡ್ಡಿ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಪಟ್ಟಿಯಲ್ಲಿ 05-06-2024 ಎಂದಿತ್ತು. ಸಾಲ ಕೊಟ್ಟದ್ದು ಜೂನ್ ಐದಕ್ಕೆ, ಪ್ರೋಗ್ರಾಂ ಓದಿದ್ದು ಮೇ ಆರು ಎಂದು. ಮೂವತ್ತು ದಿನದ ಬಡ್ಡಿ ಹೆಚ್ಚಿಗೆ ಬಿತ್ತು. ಎಲ್ಲೂ ಎರರ್ ಬರಲಿಲ್ಲ. ಸಾಲ ಪಡೆದವರೊಬ್ಬರು ಪಾಸ್‌ಬುಕ್ ಹಿಡಿದು ಬಂದು ಕೇಳಿದ ಮೇಲೆಯೇ ತಪ್ಪು ಕಣ್ಣಿಗೆ ಬಿದ್ದದ್ದು.

ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ. ಹನ್ನೆರಡರ ನಂತರದ ತಾರೀಕಾದರೆ ಹದಿಮೂರನೇ ತಿಂಗಳೇ ಇಲ್ಲದ್ದರಿಂದ ಕಂಪ್ಯೂಟರ್ ತಡವರಿಸುತ್ತದೆ, ತಪ್ಪು ಹೊರಬೀಳುತ್ತದೆ. ಹನ್ನೆರಡರೊಳಗಿನದಾದರೆ ಸದ್ದಿಲ್ಲದೆ ಅದಲುಬದಲಾಗುತ್ತದೆ. ವರ್ಷದಲ್ಲಿ ಅಂಥ ತಾರೀಕುಗಳು 132.

ಇದಕ್ಕೆ ನಾನು ಕಂಡುಕೊಂಡ ಕ್ರಮ ಇಷ್ಟೇ: ಅಕ್ಷರರೂಪದ ತಾರೀಕನ್ನು ಹೊಸ್ತಿಲಲ್ಲೇ ನಿಲ್ಲಿಸಿ, ನಿಜವಾದ ತಾರೀಕಾಗಿ ಬದಲಿಸಿ ಒಳಗೆ ಬಿಡಬೇಕು. ಒಳಗಿನ ಲೆಕ್ಕವೆಲ್ಲ ಆ ರೂಪದಲ್ಲೇ ನಡೆಯಬೇಕು. ಮತ್ತೆ ಅಕ್ಷರವಾಗುವುದು ಹೊರಗೆ ಹೋಗುವಾಗ ಮಾತ್ರ. (ಕೆಳಗೆ ಕನ್ನಡದಲ್ಲಿ ಕೊಟ್ಟಿರುವ ಹೆಸರುಗಳನ್ನು ಪ್ರೋಗ್ರಾಂನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಹೆಜ್ಜೆ 1: ಪಟ್ಟಿಯನ್ನು ನೋಡಿ

ಎಕ್ಸೆಲ್ ತಾನು ತಾರೀಕೆಂದು ಒಪ್ಪಿಕೊಂಡದ್ದನ್ನು ಕೋಶದ ಬಲಕ್ಕೂ, ಬರೀ ಅಕ್ಷರವೆಂದು ಬಿಟ್ಟದ್ದನ್ನು ಎಡಕ್ಕೂ ನಿಲ್ಲಿಸುತ್ತದೆ. ಒಂದೇ ಕಾಲಂನಲ್ಲಿ ಎರಡೂ ಕಂಡರೆ, ಆ ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿ ಓದಿರುವ ಸಾಧ್ಯತೆ ಹೆಚ್ಚು. ಆಗ ಎಡಕ್ಕಿರುವುದಕ್ಕಿಂತ ಬಲಕ್ಕಿರುವುದನ್ನೇ ಮೊದಲು ಅನುಮಾನಿಸಿ. ಮೂಲ ಫೈಲ್ ಇದ್ದರೆ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಗುರುತಿಸಿ ಮತ್ತೆ ತೆರೆಯಿರಿ.

ಹೆಜ್ಜೆ 2: ಕ್ರಮವನ್ನು ಬಾಯಿಬಿಟ್ಟು ಹೇಳಿ

ಪೈಥಾನ್‌ನ ಡೇಟ್‌ಟೈಮ್ ಮಾಡ್ಯೂಲ್‌ನಲ್ಲಿ ಸ್ಟ್ರಪ್‌ಟೈಮ್ ಎಂಬ ಸೌಲಭ್ಯವಿದೆ. ಅದಕ್ಕೆ ತಾರೀಕಿನ ಜೊತೆ ಅಚ್ಚನ್ನೂ ಕೊಡಬೇಕು: ಶೇಕಡಾ ಚಿಹ್ನೆಯೊಂದಿಗೆ ಸಣ್ಣ ಡಿ, ಗೆರೆ, ಶೇಕಡಾ ಸಣ್ಣ ಎಂ, ಗೆರೆ, ಶೇಕಡಾ ದೊಡ್ಡ ವೈ. ಈ ಅಚ್ಚಿಗೆ ಕೂರದ ತಾರೀಕು ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ನಿಲ್ಲಲಿ, ನಮಗೆ ಬೇಕಾದದ್ದೇ ಅದು. ಕೊನೆಯಲ್ಲಿ ಡೇಟ್ ಎಂದು ಕರೆದರೆ ಗಂಟೆ, ನಿಮಿಷ ಕಳಚಿ ತಾರೀಕಷ್ಟೇ ಉಳಿಯುತ್ತದೆ.

ಅಚ್ಚಿನಲ್ಲಿ ಸಣ್ಣಕ್ಷರ, ದೊಡ್ಡಕ್ಷರದ ಮೇಲೆ ನಿಗಾ ಇರಲಿ. ಸಣ್ಣ ಎಂ ಎಂದರೆ ತಿಂಗಳು, ದೊಡ್ಡ ಎಂ ಎಂದರೆ ನಿಮಿಷ. ದೊಡ್ಡ ವೈ ನಾಲ್ಕಂಕಿಯ ಇಸವಿ, ಸಣ್ಣ ವೈ ಎರಡಂಕಿಯದು. ಎರಡಂಕಿಯಲ್ಲಿ 69ರಿಂದ 99ರವರೆಗಿನದು 1900ರ ಲೆಕ್ಕಕ್ಕೂ, 00ಯಿಂದ 68ರವರೆಗಿನದು 2000ದ ಲೆಕ್ಕಕ್ಕೂ ಹೋಗುತ್ತದೆ. 1965ರಲ್ಲಿ ಹುಟ್ಟಿದ ಸದಸ್ಯರ ಇಸವಿಯನ್ನು ಬರೀ 65 ಎಂದು ಬರೆದಿದ್ದರೆ ಪೈಥಾನ್‌ಗೆ ಅವರು 2065ರಲ್ಲಿ ಹುಟ್ಟಬೇಕಾದವರು. ಜನ್ಮದಿನಾಂಕ ಇಂದಿನಿಂದ ಮುಂದಕ್ಕೆ ಬಿದ್ದರೆ ನೂರು ವರ್ಷ ಕಳೆಯುವ ಸಾಲೊಂದನ್ನು ಸೇರಿಸಿಕೊಳ್ಳಿ.

ನಮ್ಮ ಕಡತಗಳಲ್ಲಿ ೦೫-೦೬-೨೦೨೪ ಎಂದು ಕನ್ನಡ ಅಂಕಿಯಲ್ಲೂ ಬರೆದಿರುತ್ತಾರೆ. ಈ ಅಚ್ಚು ಅದನ್ನು ಓದಲಾರದು. ಆದರೆ ಪೈಥಾನ್‌ನ ಇಂಟ್ ಕನ್ನಡ ಅಂಕಿಗಳನ್ನು ನೇರವಾಗಿ ಓದುತ್ತದೆ! ಗೆರೆಯ ಬಳಿ ಸ್ಪ್ಲಿಟ್ ಮಾಡಿ, ಮೂರು ತುಂಡನ್ನೂ ಇಂಟ್ ಮಾಡಿ, ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಡೇಟ್‌ಗೆ ಕೊಟ್ಟರಾಯಿತು. ಕನ್ನಡ ಅಂಕಿ ಇದೆಯೆಂಬ ಕಾರಣಕ್ಕೆ ಯಾರೂ ಇಡೀ ಪಟ್ಟಿಯನ್ನು ಮತ್ತೆ ಟೈಪ್ ಮಾಡುತ್ತ ಕೂರಬೇಕಿಲ್ಲ.

ಹೆಜ್ಜೆ 3: ದಿನ ಎಣಿಸುವುದು

ಒಂದು ತಾರೀಕಿನಿಂದ ಇನ್ನೊಂದನ್ನು ಕಳೆದರೆ ದಿನಗಳು ಸಿಗುತ್ತವೆ. ಅಧಿಕ ವರ್ಷದ ಚಿಂತೆ ಪೈಥಾನ್‌ನದು. ಜೂನ್ 5ರಿಂದ ಜೂನ್ 1 ಕಳೆದರೆ ಬರುವುದು 4. ಮೊದಲ ದಿನವನ್ನೂ ಎಣಿಸುವುದು ಸಂಘದ ಪದ್ಧತಿಯಾದರೆ ಒಂದು ಕೂಡಿಸಿ. ಇದನ್ನು ಲೆಕ್ಕ ಬರೆಯುವವರನ್ನೇ ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 4: ತಿಂಗಳ ಕಂತು

ಹೆಚ್ಚು ಎಡವುವುದು ಇಲ್ಲೇ. ದಿನ ಕೂಡಿಸಲು ಡೇಟ್‌ಟೈಮ್‌ನಲ್ಲಿರುವ ಟೈಮ್‌ಡೆಲ್ಟಾಗೆ ದಿನ, ವಾರ ಗೊತ್ತು, ತಿಂಗಳು ಗೊತ್ತಿಲ್ಲ. ಮೂವತ್ತು ದಿನ ಕೂಡಿಸುತ್ತ ಹೋದರೆ ವರ್ಷ ಮುಗಿಯುವಷ್ಟರಲ್ಲಿ ಕಂತಿನ ದಿನ ಐದಾರು ದಿನ ಹಿಂದೆ ಸರಿದಿರುತ್ತದೆ. ಡೇಟ್‌ಯುಟಿಲ್ ಎಂಬ ಪ್ಯಾಕೇಜಿನ ರಿಲೇಟಿವ್‌ಡೆಲ್ಟಾ ಬಳಸಿ. 2025ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಅದು ಫೆಬ್ರವರಿ 28 ಕೊಡುತ್ತದೆ. ಆದರೆ ಆ 28ಕ್ಕೆ ಮತ್ತೊಂದು ತಿಂಗಳು ಕೂಡಿಸಿದರೆ ಮಾರ್ಚ್ 28 ಬರುತ್ತದೆ, 31 ಅಲ್ಲ. ಆದ್ದರಿಂದ ಹಿಂದಿನ ಕಂತಿನಿಂದ ಮುಂದಿನದನ್ನು ಎಣಿಸಬೇಡಿ. ಪ್ರತಿ ಸಲವೂ ಮೂಲ ತಾರೀಕಿಗೇ ಒಂದು, ಎರಡು, ಮೂರು ತಿಂಗಳು ಎಂದು ಕೂಡಿಸಿ.

ಹೆಜ್ಜೆ 5: ವಯಸ್ಸು

ದಿನಗಳನ್ನು 365ರಿಂದ ಭಾಗಿಸುವವರಿದ್ದಾರೆ. ನಡುವೆ ನಾಲ್ಕೈದು ಫೆಬ್ರವರಿ 29 ಬರುವುದರಿಂದ, ಹಾಗೆ ಮಾಡಿದರೆ ಹದಿನೆಂಟು ತುಂಬಲು ಇನ್ನೂ ನಾಲ್ಕೈದು ದಿನವಿರುವಾಗಲೇ ಪ್ರೋಗ್ರಾಂ ವಯಸ್ಕರ ಸಾಲಿಗೆ ಸೇರಿಸಿಬಿಡುತ್ತದೆ. ಇಸವಿಯಿಂದ ಇಸವಿ ಕಳೆಯಿರಿ. ಈ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿಲ್ಲವಾದರೆ ಒಂದು ಕಡಿಮೆ ಮಾಡಿ.

ಹೆಜ್ಜೆ 6: ಯಾವ ಊರಿನ 'ಇಂದು'?

ಪ್ರೋಗ್ರಾಂ ನಿಮ್ಮ ಮೇಜಿನ ಮೇಲೆ ಓಡುವವರೆಗೆ ತೊಂದರೆಯಿಲ್ಲ. ಸರ್ವರ್‌ಗೆ ಏರಿಸಿದರೆ ಅಲ್ಲಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಅಲ್ಲಿ ಇನ್ನೂ ನಿನ್ನೆಯ ತಾರೀಕು. ಆಯಾ ಊರಿನ ಸಮಯ ತಿಳಿಸುವ ಝೋನ್‌ಇನ್ಫೋ ಮಾಡ್ಯೂಲ್ ಪೈಥಾನ್ 3.9ರಿಂದ ಜೊತೆಗೇ ಬರುತ್ತದೆ. ಅದಕ್ಕೆ ಏಷ್ಯಾ/ಕೋಲ್ಕತಾ ಎಂದು ಹೆಸರಿಸಿ, ಅದರಿಂದಲೇ ಇಂದಿನ ತಾರೀಕು ಪಡೆಯಿರಿ. ವಿಂಡೋಸ್‌ನಲ್ಲಾದರೆ ಟಿಝೆಡ್‌ಡೇಟಾ ಪ್ಯಾಕೇಜನ್ನೂ ಹಾಕಿಕೊಳ್ಳಬೇಕು.

ಹೆಜ್ಜೆ 7: ಹೊರಗೆ ಕಳಿಸುವಾಗ

ಫೈಲಿನಲ್ಲಿ ಉಳಿಸಲು ಐಸೊಫಾರ್ಮ್ಯಾಟ್ ಬಳಸಿ: 2024-06-05. ಇಸವಿ ಮುಂದಿರುವುದರಿಂದ ಅಕ್ಷರಕ್ರಮದಲ್ಲಿ ಜೋಡಿಸಿದರೂ ತಾರೀಕುಗಳು ಸರಿಯಾಗಿ ಕೂರುತ್ತವೆ. ಜನರ ಕೈಗೆ ಕೊಡುವ ರಸೀದಿಯಲ್ಲಿ ಮಾತ್ರ "5 ಜೂನ್ 2024" ಎಂದು ತಿಂಗಳ ಹೆಸರು ಬರೆಯಿರಿ, ಗೊಂದಲಕ್ಕೆ ಎಡೆಯೇ ಇರದು.

ಒಪ್ಪಿಸುವ ಮೊದಲು 2024ರ ಫೆಬ್ರವರಿ 29, ಜನವರಿ 31, 1965ರ ಒಂದು ಜನ್ಮದಿನ, ಹನ್ನೆರಡರೊಳಗಿನ ಒಂದೆರಡು ತಾರೀಕು, ಇಷ್ಟನ್ನು ಕೊಟ್ಟು ಓಡಿಸಿ ನೋಡಿ. ಆಮೇಲೆ ಲೆಡ್ಜರ್ ತೆರೆದು, ಹತ್ತು ಖಾತೆಗಳನ್ನು ಕೈಯಾರೆ ಲೆಕ್ಕ ಹಾಕಿ ಪ್ರೋಗ್ರಾಂನ ಉತ್ತರದ ಜೊತೆ ತಾಳೆ ನೋಡಿ.